ನಾಲ್ಕೂವರೆಯೋ ಐದೂವರೆಯೋ: ಸ್ಪ್ರಿಂಗ್ ಏರ್ ರೈಫಲ್‌ಗೆ ಯಾವ ಕ್ಯಾಲಿಬರ್?

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಒಬ್ಬರು ಹನ್ನೆರಡು ವರ್ಷದ ಮಗಳನ್ನು ಕರೆದುಕೊಂಡು ನನ್ನಲ್ಲಿಗೆ ಬಂದರು. ಊರು ಬಾಗಲಕೋಟೆ ಕಡೆ, ನೌಕರಿ ಹಿಂಜವಡಿಯಲ್ಲಿ. ಪುಣೆಯಲ್ಲಿ ಕನ್ನಡದಲ್ಲೇ ಗುರಿ ಹೇಳಿಕೊಡುವವರು ಇದ್ದಾರೆಂದು ಪರಿಚಯದವರು ಯಾರೋ ಹೇಳಿದ್ದರಂತೆ. ಕುಳಿತವರೇ ನೇರ ವಿಷಯಕ್ಕೆ ಬಂದರು: "ಸರ್, ಮಗಳಿಗೆ ರೈಫಲ್ ಕೊಡಿಸಬೇಕು. ಕೊಡಿಸುವುದಾದರೆ ದೊಡ್ಡದನ್ನೇ ಕೊಡಿಸೋಣ, ಪಾಯಿಂಟ್ ಟೂ ಟೂ. ಸ್ವಪ್ನಿಲ್ ಕುಸಾಳೆ ಹೊಡೆದದ್ದು ಅದರಲ್ಲೇ ಅಲ್ಲವೇ?"

ಪ್ಯಾರಿಸ್ ಒಲಿಂಪಿಕ್ಸ್ ಆದಂದಿನಿಂದ ಈ ಪ್ರಶ್ನೆ ನನಗೆ ಹೊಸದಲ್ಲ. 2024ರ ಆಗಸ್ಟ್ 1ರಂದು ಕೊಲ್ಹಾಪುರ ಜಿಲ್ಲೆಯ ಆ ಹುಡುಗ 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚು ಗೆದ್ದಾಗ ನಾವೆಲ್ಲ ಕುಣಿದಾಡಿದೆವು. ಆ ರೈಫಲ್‌ನ ಮೇಲೆ 0.22 ಎಂದಿರುವುದೂ ನಿಜ. ಆದರೆ ಅದು ಮದ್ದಿನ ಕೋವಿ. ಹಿತ್ತಾಳೆಯ ಕಾಡತೂಸಿನೊಳಗೆ ಮದ್ದು ಉರಿದು 5.6 ಮಿಲಿಮೀಟರಿನ ಸೀಸದ ಗುಂಡನ್ನು ತಳ್ಳುತ್ತದೆ. ಅಂಗಡಿಯಲ್ಲಿ 0.22 (ಇಂಚಿನ ಲೆಕ್ಕ, ಅಂದರೆ 5.5 ಮಿಲಿಮೀಟರ್) ಎಂದು ತೋರಿಸುವ ಏರ್ ರೈಫಲ್‌ಗೂ ಅದಕ್ಕೂ ಅಂಕಿಯೊಂದನ್ನು ಬಿಟ್ಟರೆ ನಂಟಿಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು, 2012ರಲ್ಲಿ ಲಂಡನ್‌ನಲ್ಲಿ ಗಗನ್ ನಾರಂಗ್ ಕಂಚು ಗೆದ್ದದ್ದು 10 ಮೀಟರ್ ಏರ್ ರೈಫಲ್‌ನಲ್ಲಿ, ಅಂದರೆ 4.5 ಮಿಲಿಮೀಟರ್ ಪೆಲೆಟ್‌ನಲ್ಲಿ (ಏರ್ ರೈಫಲ್‌ನ ಪುಟ್ಟ ಗುಂಡು). ಅದನ್ನೇ ಇಂಚಿನ ಲೆಕ್ಕದಲ್ಲಿ 0.177 ಎನ್ನುತ್ತಾರೆ.

ಏರ್ ರೈಫಲ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಕ್ಯಾಲಿಬರ್, ಅಂದರೆ ನಳಿಕೆಯ ಒಳಅಳತೆ, ನಾಲ್ಕು: 4.5, 5.0, 5.5, 6.35 ಮಿಲಿಮೀಟರ್. 5.0 ಮತ್ತು 6.35ರ ಪೆಲೆಟ್ ನಮ್ಮ ಅಂಗಡಿಗಳಲ್ಲಿ ಸಿಗುವುದೇ ಅಪರೂಪ. 6.35ರ ಪೆಲೆಟನ್ನು ಸಾಧಾರಣ ಸ್ಪ್ರಿಂಗ್ ಚೆನ್ನಾಗಿ ತಳ್ಳಲಾರದು. ಅವೆರಡನ್ನೂ ಇಲ್ಲಿಗೇ ಬಿಡುತ್ತೇನೆ. ಉಳಿದದ್ದು 4.5 ಮತ್ತು 5.5.

ನಮ್ಮ ಅಜ್ಜನ ಹೊಲದಲ್ಲಿ ಜೋಳ ಹಾಲುಗಾಳಾದಾಗ ಅಟ್ಟಣೆ ಹತ್ತಿ ಕವಣೆ ಬೀಸುವುದು ಮಕ್ಕಳಾದ ನಮ್ಮ ಕೆಲಸ. ಮೊದಲ ದಿನ ನಾನು ಮುಷ್ಟಿ ಗಾತ್ರದ ಕಲ್ಲುಗಳನ್ನೇ ಆರಿಸಿ ಗುಡ್ಡೆ ಹಾಕಿಕೊಂಡಿದ್ದೆ. ಬೀಸಿದರೆ ಎರಡು ಸಾಲು ದಾಟುವುದರೊಳಗೆ ನೆಲಕ್ಕೆ ಬೀಳುತ್ತಿತ್ತು. ಅಜ್ಜ ನಿಂಬೆಕಾಯಿಗಿಂತ ಚಿಕ್ಕ ಕಲ್ಲೊಂದನ್ನು ಆಯ್ದು ಕೈಗಿಟ್ಟು, "ನಿನ್ನ ತೋಳಿಗೆ ತಕ್ಕ ಕಲ್ಲು ಹುಡುಕು" ಎಂದರು. ಸ್ಪ್ರಿಂಗ್ ರೈಫಲ್ ಬಗ್ಗೆ ಹೇಳುವಾಗಲೆಲ್ಲ ನನಗೆ ಆ ಕಲ್ಲು ನೆನಪಾಗುತ್ತದೆ.

ಈ ರೈಫಲ್‌ನೊಳಗೆ ನಡೆಯುವುದು ಸೈಕಲ್ ಪಂಪಿನ ಕೆಲಸವೇ. ಬ್ಯಾರೆಲ್ ಮಡಚಿದಾಗ ಪಿಸ್ಟನ್ ಹಿಂದಕ್ಕೆ ಸರಿದು ದಪ್ಪ ಸ್ಪ್ರಿಂಗನ್ನು ಅದುಮಿ ಹಿಡಿಯುತ್ತದೆ. ಟ್ರಿಗರ್ ಒತ್ತಿದೊಡನೆ ಪಿಸ್ಟನ್ ಮುಂದಕ್ಕೆ ನುಗ್ಗಿ, ಎದುರಿನ ಗಾಳಿಯನ್ನು ಹಿಂಡಿ, ಸಣ್ಣ ರಂಧ್ರವೊಂದರ ಮೂಲಕ ಪೆಲೆಟ್‌ನ ಬೆನ್ನಿಗೆ ತಳ್ಳುತ್ತದೆ. ಶಕ್ತಿ ಎಷ್ಟೆಂಬುದು ನೀವು ಬ್ಯಾರೆಲ್ ಮಡಚುವಾಗ ತೋಳಿನಿಂದ ಕೊಟ್ಟ ಶ್ರಮದಲ್ಲೇ ತೀರ್ಮಾನವಾಗಿರುತ್ತದೆ. ನಳಿಕೆಯ ಬಾಯಿ ದೊಡ್ಡದು ಮಾಡಿದ ಮಾತ್ರಕ್ಕೆ ಸ್ಪ್ರಿಂಗ್ ಬಲಗೊಳ್ಳುವುದಿಲ್ಲ. 5.5ರ ಪೆಲೆಟ್‌ನ ಬೆನ್ನಿನ ವಿಸ್ತೀರ್ಣ 4.5ರದ್ದಕ್ಕಿಂತ ಸುಮಾರು ಒಂದೂವರೆ ಪಟ್ಟು ಇರುವುದರಿಂದ ಗಾಳಿ ಅದನ್ನು ಸ್ವಲ್ಪ ಲಾಭದಾಯಕವಾಗಿ ತಳ್ಳುತ್ತದೆ, ಒಂದೇ ಸ್ಪ್ರಿಂಗ್‌ನಿಂದ ತುಸು ಹೆಚ್ಚು ಶಕ್ತಿ ಹೊರಬರುತ್ತದೆ. ಅಷ್ಟರ ಮಟ್ಟಿಗೆ ದೊಡ್ಡ ಕ್ಯಾಲಿಬರ್ ಪರ ವಾದಿಸುವವರ ಮಾತು ಸರಿ. ಆದರೆ ಆ ಶಕ್ತಿ ಹೇಗೆ ಖರ್ಚಾಗುತ್ತದೆ ಎಂಬುದನ್ನೂ ನೋಡಬೇಕು.

ಕಲಿಯುವವರ ಕೈಗೆ ಬರುವ ಒಂದು ರೈಫಲ್ 10 ಜೂಲ್ ಶಕ್ತಿ ಕೊಡುತ್ತದೆ ಎಂದಿಟ್ಟುಕೊಳ್ಳಿ. 4.5ರ ಸಾಧಾರಣ ಪೆಲೆಟ್ 0.53 ಗ್ರಾಂ. ಅದು ಸೆಕೆಂಡಿಗೆ 194 ಮೀಟರ್ ವೇಗದಲ್ಲಿ ಹೊರಡುತ್ತದೆ. 5.5ರದ್ದು 0.95 ಗ್ರಾಂ ಆದರೆ ವೇಗ 145 ಮೀಟರ್. ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದೆ ನೋಡಿದರೂ 25 ಮೀಟರ್ ಮುಟ್ಟುವಷ್ಟರಲ್ಲಿ ನಳಿಕೆಯ ನೇರದಿಂದ ಮೊದಲನೆಯದು 8 ಸೆಂಟಿಮೀಟರ್ ಕುಸಿದಿರುತ್ತದೆ, ಎರಡನೆಯದು 14 ದಾಟಿರುತ್ತದೆ. 10 ಮೀಟರಿನಲ್ಲಿ ಈ ವ್ಯತ್ಯಾಸ ಒಂದು ಸೆಂಟಿಮೀಟರ್ ಮಾತ್ರ, ರೈಫಲ್ ಮೇಲಿನ ಗುರಿ ನೋಡುವ ಸೈಟ್ ತಿರುಗಿಸಿ ಸರಿಪಡಿಸಿದರೆ ಮುಗಿಯಿತು. ದೂರ ಬದಲಾಗುತ್ತಾ ಹೋದಾಗಲೇ ಕಷ್ಟ. ಇಪ್ಪತ್ತೆರಡೋ ಇಪ್ಪತ್ತೈದೋ ಎಂದು ಅಂದಾಜು ತಪ್ಪಿದರೆ ನಿಧಾನದ ಪೆಲೆಟ್ ಕ್ಷಮಿಸುವುದಿಲ್ಲ. ಬಯಲಿನಲ್ಲಿ ಸುಮಾರು 50 ಮೀಟರ್‌ವರೆಗೆ ಬೇರೆ ಬೇರೆ ದೂರಗಳಲ್ಲಿ ಗುರಿಯಿಟ್ಟು ಆಡುವ ಫೀಲ್ಡ್ ಟಾರ್ಗೆಟ್ ಆಟದಲ್ಲಿಯೂ ಹೆಚ್ಚಿನವರು 4.5 ಹಿಡಿಯುವುದು ಇದಕ್ಕಾಗಿಯೇ.

ನಾನು ಪಾಠದಲ್ಲಿ ಹೆಚ್ಚು ಒತ್ತಿ ಹೇಳುವ ಸಂಗತಿ ಇನ್ನೊಂದಿದೆ. ಮದ್ದಿನ ಕೋವಿ ಒಮ್ಮೆ ಒದೆಯುತ್ತದೆ, ಸ್ಪ್ರಿಂಗ್ ರೈಫಲ್ ಎರಡು ಸಲ. ಪಿಸ್ಟನ್ ಮುಂದಕ್ಕೆ ಹಾರಿದಾಗ ರೈಫಲ್ ಹಿಂದಕ್ಕೆ ಸರಿಯುತ್ತದೆ, ಪಿಸ್ಟನ್ ತುದಿಗೆ ಬಂದು ನಿಂತಾಗ ಮುಂದಕ್ಕೆ ಎಳೆಯುತ್ತದೆ. ಈ ಓಲಾಟ ಶುರುವಾದಾಗ ಪೆಲೆಟ್ ಇನ್ನೂ ನಳಿಕೆಯೊಳಗೇ ಇರುತ್ತದೆ! ನಿಧಾನವಾಗಿ ಹೊರಡುವ ಪೆಲೆಟ್ ಒಳಗೆ ಹೆಚ್ಚು ಹೊತ್ತು ಇದ್ದು, ಕೈಯ ತಪ್ಪನ್ನೆಲ್ಲ ತನ್ನೊಡನೆ ಗುರಿಯವರೆಗೆ ಒಯ್ಯುತ್ತದೆ. ಹಿಡಿತ ಇನ್ನೂ ಕೂಡದ ಮಗುವಿಗೆ ಭಾರದ ಪೆಲೆಟ್ ಕೊಡುವುದು ನನಗೆ ಒಪ್ಪಿಗೆಯಿಲ್ಲದಿರುವುದಕ್ಕೆ ಮುಖ್ಯ ಕಾರಣ ಇದು. ರೈಫಲನ್ನು ಬಿಗಿಯಾಗಿ ಅವುಚಿ ಹಿಡಿಯಬೇಡಿ, ಅಂಗೈ ಮೇಲೆ ಮಲಗಿಸಿದಂತೆ ಇಡಿ, ಪ್ರತಿ ಸಲವೂ ಅದು ಒಂದೇ ರೀತಿ ಓಲಾಡಲಿ.

ಕಾನೂನು ಕೂಡ ಈ ಆಯ್ಕೆಯನ್ನು ಬಹುಮಟ್ಟಿಗೆ ಮಾಡಿಟ್ಟಿದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿಲಿಮೀಟರ್ ಮೀರಿದ ನಳಿಕೆ ಅಥವಾ 20 ಜೂಲ್ ಮೀರಿದ ಶಕ್ತಿ, ಎರಡರಲ್ಲಿ ಯಾವುದಿದ್ದರೂ ಪರವಾನಗಿ ಬೇಕು. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಲೆಕ್ಕ ಬೇರೆ. ಅಲ್ಲಿ ಸುಮಾರು 16 ಜೂಲ್ ಒಳಗಿದ್ದರೆ ಕ್ಯಾಲಿಬರ್ ಯಾವುದಿದ್ದರೂ ನಡೆಯುತ್ತದೆ, ಹೊಲದ ಇಲಿ, ಮೊಲಗಳ ಕಾಟಕ್ಕೆಂದು ರೈತರು 5.5 ಇಟ್ಟುಕೊಳ್ಳುತ್ತಾರೆ. ಅಲ್ಲಿಯವರ ಸಲಹೆಯನ್ನು ವಿಡಿಯೋದಲ್ಲಿ ನೋಡಿ ಇಲ್ಲಿ ಅನುಸರಿಸಲು ಹೊರಟರೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಬೇಕಾಗುತ್ತದೆ. ಊರಿನ ಮನೆಯ ಅಟ್ಟದಲ್ಲಿ ಹಳೆಯ 0.22 ಏರ್‌ಗನ್ ಸಿಕ್ಕಿದೆ, ಪುಣೆಗೆ ತರಲೇ ಎಂದು ಕೇಳುವವರಿಗೂ ಇದೇ ಉತ್ತರ: ಮೊದಲು ಅಲ್ಲಿಯ ಠಾಣೆಯಲ್ಲಿ ವಿಚಾರಿಸಿ, ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಹೊರಡಬೇಡಿ.

ಪಾರಿವಾಳದ ವಿಷಯಕ್ಕೆ ಬರುವವರೂ ಇದ್ದಾರೆ. ಪುಣೆ, ಮುಂಬಯಿಯ ಫ್ಲ್ಯಾಟುಗಳ ಬಾಲ್ಕನಿಯಲ್ಲಿ ಅವುಗಳ ಹಿಕ್ಕೆ ಬಳಿದು ಬೇಸತ್ತವರು "ಸಣ್ಣದೊಂದು ಏರ್‌ಗನ್ ಹೇಳಿ, ಹೆದರಿಸಲಿಕ್ಕೆ ಮಾತ್ರ" ಎನ್ನುತ್ತಾರೆ. ನಾನು ಹೇಳುವುದಿಲ್ಲ. ಗುರಿ ತಪ್ಪಿದ ಪೆಲೆಟ್ ನೂರಾರು ಮೀಟರ್ ಹೋಗುತ್ತದೆ, ಎದುರಿನ ಕಟ್ಟಡದ ಕಿಟಕಿಯಲ್ಲಿ ಒಂದು ಮಗು ನಿಂತಿರುತ್ತದೆ. ಕಣ್ಣಿಗೆ ಬಿದ್ದರೆ ಕಣ್ಣು ಹೋಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಇರುವುದು ಆಮೇಲಿನ ಮಾತು. ಬಾಲ್ಕನಿಗೆ ಬಲೆ ಕಟ್ಟಿಸಿ.

ಹೀಗೆ ಆಟಕ್ಕೆಂದು ಕೊಳ್ಳುವವರಿಗೆ ನಮ್ಮಲ್ಲಿ ಉಳಿಯುವುದು 4.5 ಒಂದೇ. ಸ್ಪರ್ಧೆಯಲ್ಲಿ ಗುರಿಯಿಡುವ ಕಾಗದವೂ ಅದನ್ನೇ ಕೇಳುತ್ತದೆ. 10 ಮೀಟರ್ ರೈಫಲ್ ಗುರಿಹಲಗೆಯ ನಡುವಿನ ಹತ್ತಂಕದ ಚುಕ್ಕೆ ಅರ್ಧ ಮಿಲಿಮೀಟರ್, ಸಾಸಿವೆ ಕಾಳಿಗಿಂತ ಚಿಕ್ಕದು. ಒಂದು ವರ್ತುಲದಿಂದ ಇನ್ನೊಂದಕ್ಕೆ ಎರಡೂವರೆ ಮಿಲಿಮೀಟರ್. ತೂತಿನ ಅಂಚು ಯಾವ ಗೆರೆಯನ್ನು ಮುಟ್ಟಿತು ಎಂಬುದರ ಮೇಲೆ ಕಾಗದದಲ್ಲಿ ಅಂಕ. 5.5ರ ಪೆಲೆಟ್ ಆದರೆ ತೂತು ಪ್ರತಿ ಬದಿಗೂ ಅರ್ಧ ಮಿಲಿಮೀಟರ್ ಹೆಚ್ಚು ಹರಡಿ, ಸಲ್ಲದ ಅಂಕ ತಂದುಕೊಡುತ್ತದೆ. ಅದಕ್ಕೇ ಅಳತೆ ಎಲ್ಲರಿಗೂ ಒಂದೇ ಇರಬೇಕು. ಮುಂದೆ ಮಗಳು ಸ್ಪ್ರಿಂಗ್ ಬಿಟ್ಟು ಸಿಲಿಂಡರಿನಲ್ಲಿ ಮೊದಲೇ ಒತ್ತಿ ತುಂಬಿದ ಗಾಳಿಯ ರೈಫಲ್‌ಗೆ ಹೋದರೂ 4.5 ಬದಲಾಗುವುದಿಲ್ಲ.

ಇಷ್ಟು ಕೇಳಿದ ಆ ತಂದೆ "ಹಾಗಾದರೆ ಆರಿಸುವುದಕ್ಕೆ ಏನೂ ಇಲ್ಲವಲ್ಲ ಸರ್" ಎಂದರು. ನಾನು ಮೇಜಿನ ಖಾನೆಯಿಂದ ಮೂರು ಡಬ್ಬಿ ತೆಗೆದು ಮುಂದಿಟ್ಟೆ. ಮೂರೂ 4.5ರವೇ. ಆದರೆ ಒಂದರ ಚೀಟಿಯ ಮೇಲೆ 4.49, ಮತ್ತೊಂದರ ಮೇಲೆ 4.50, ಇನ್ನೊಂದರ ಮೇಲೆ 4.52 ಎಂದಿತ್ತು. ಇದು ಪೆಲೆಟ್‌ನ ತಲೆಯ ಅಳತೆ. ನಳಿಕೆಗಳೆಲ್ಲ 4.5 ಎಂದು ಕರೆಸಿಕೊಂಡರೂ ಒಳಗೆ ಒಂದರಂತೆ ಒಂದಿರುವುದಿಲ್ಲ. ತಲೆ ಸಡಿಲವಾದರೆ ಪೆಲೆಟ್ ನಳಿಕೆಯ ಸುರುಳಿಗೆರೆಗಳನ್ನು ಸರಿಯಾಗಿ ಕಚ್ಚುವುದಿಲ್ಲ, ಬಿಗಿಯಾದರೆ ಹೊರಡುವುದಕ್ಕೇ ತಡವರಿಸುತ್ತದೆ. ಅಂಗಡಿಯವರು ಹೇಳುವ ವೇಗದ ಅಂಕಿಗೆ ಮರುಳಾಗುವವರು ಈ ಚೀಟಿಯನ್ನು ಓದುವುದೇ ಇಲ್ಲ. ಪೆಟ್ಟಿಗೆಯ ಮೇಲೆ ಸೆಕೆಂಡಿಗೆ 1200 ಅಡಿ ಎಂದು ದೊಡ್ಡದಾಗಿ ಅಚ್ಚು ಹಾಕಿರುತ್ತಾರೆ. ಅಂಥ ವೇಗ ಸಾಮಾನ್ಯವಾಗಿ ಬರುವುದು ಸೀಸವಿಲ್ಲದ ಹಗುರ ಪೆಲೆಟ್ ಹಾಕಿ ಹೊಡೆದಾಗ, ಮತ್ತು ಶಬ್ದದ ವೇಗದ ಆಸುಪಾಸಿನಲ್ಲಿ ನಡು ಸಣ್ಣಗಿರುವ ಈ ಪೆಲೆಟ್‌ಗಳು ತತ್ತರಿಸಿ ದಾರಿ ಬಿಡುತ್ತವೆ.

ಮುಂದಿನ ಭಾನುವಾರ ಅವರು 4.5ರ ಸ್ಪ್ರಿಂಗ್ ರೈಫಲ್ ಕೊಂಡು ತಂದರು. ಹುಡುಗಿಗೆ ಕಣ್ಣಿಗೆ ಕನ್ನಡಕ ಹಾಕಿಸಿ, ಬ್ಯಾರೆಲ್ ಮಡಚಿದಾಗ ಅದನ್ನು ಒಂದು ಕೈಯಲ್ಲಿ ಹಿಡಿದೇ ಇರಬೇಕೆಂದು ತೋರಿಸಿದೆ. ಅಕಸ್ಮಾತ್ ಜಾರಿದರೆ ಅದು ಬೆರಳನ್ನು ಜಜ್ಜಿಬಿಡುತ್ತದೆ. ಪೆಲೆಟ್ ಇಲ್ಲದೆ ಟ್ರಿಗರ್ ಒತ್ತಬಾರದೆಂದೂ ಹೇಳಿದೆ. ಎದುರಿಗೆ ಗಾಳಿಯ ತಡೆ ಇಲ್ಲದೆ ಪಿಸ್ಟನ್ ತುದಿಗೆ ಜೋರಾಗಿ ಬಡಿದು ಸ್ಪ್ರಿಂಗ್ ಕೆಡುತ್ತದೆ. ಮೇಜಿನ ಮೇಲೆ ಮೆತ್ತನೆಯ ಚೀಲ, ಚೀಲದ ಮೇಲೆ ಅವಳ ಅಂಗೈ, ಅಂಗೈ ಮೇಲೆ ರೈಫಲ್. ಗಟ್ಟಿ ಕಟ್ಟಿಗೆಯ ಮೇಲಿಟ್ಟರೆ ಸ್ಪ್ರಿಂಗ್ ರೈಫಲ್ ಪುಟಿದು ಗುರಿ ಬೇರೆಡೆ ಹೋಗುತ್ತದೆ.

ಮೊದಲ ಡಬ್ಬಿಯ ಐದು ಪೆಲೆಟ್‌ಗಳು ಕಾಗದದಲ್ಲಿ ಮಾಡಿದ ತೂತುಗಳ ನಡುವೆ ನನ್ನ ಹೆಬ್ಬೆರಳು ಸಲೀಸಾಗಿ ಹಿಡಿಸಿತು. ಎರಡನೆಯದರಲ್ಲಿ ಮೂರು ಒಟ್ಟಿಗೆ, ಎರಡು ಎಡಕ್ಕೆ. ಹುಡುಗಿಯ ಮುಖ ಸಪ್ಪಗಾಯಿತು. "ಕಾಕಾ, ನನ್ನ ಕೈಯೇ ನಡುಗುತ್ತಿದೆಯೇನು?" ಎಂದು ಕೇಳಿದಳು. "ಕೈ ಚೆನ್ನಾಗಿದೆ ತಂಗಿ, ಇನ್ನೊಂದು ಡಬ್ಬಿ ನೋಡೋಣ" ಎಂದೆ. 4.52ರ ಪೆಲೆಟನ್ನು ನಳಿಕೆಗೆ ಒತ್ತುವಾಗಲೇ ಅವಳಿಗೆ ವ್ಯತ್ಯಾಸ ತಿಳಿಯಿತು. ಹಿಂದಿನವು ತಾವಾಗಿ ಜಾರಿ ಕೂರುತ್ತಿದ್ದವು, ಇದಕ್ಕೆ ಹೆಬ್ಬೆರಳಿನ ತುಸು ಒತ್ತಡ ಬೇಕಾಯಿತು. ಐದೂ ಸೇರಿ ಕಾಗದದಲ್ಲಿ ಒಂದೇ ಹರಿದ ತೂತು. ಚಪ್ಪಟೆ ಮೂತಿಯ ಪೆಲೆಟ್ ಆದ್ದರಿಂದ ಅಂಚು ಪಂಚ್ ಮಾಡಿದಷ್ಟು ಚೊಕ್ಕವಾಗಿತ್ತು. ಒಂದು ಸಲ ಬಂದದ್ದನ್ನು ನಂಬಬಾರದೆಂದು ಮೂರೂ ಡಬ್ಬಿಗಳನ್ನು ಹಿಂದುಮುಂದು ಮಾಡಿ ಮತ್ತೆ ಹೊಡೆಸಿದೆ. ಗೆದ್ದದ್ದು 4.52ರದ್ದೇ.

ಹೀಗೆ ತೂತುಗಳ ಗುಂಪು ಚದುರಿದಾಗ ಕ್ಯಾಲಿಬರ್ ಬದಲಿಸಲು ಹೊರಟವರನ್ನು ಕಂಡಿದ್ದೇನೆ, ಅದಕ್ಕೇ ಇಷ್ಟು ವಿವರ. ಚಿಂಚವಾಡದ ಒಬ್ಬ ಹುಡುಗ ಒಳ್ಳೆಯ ರೈಫಲನ್ನು ಮಾರಿ 5.5ಕ್ಕೆ ಅರ್ಜಿ ಹಾಕುವ ತಯಾರಿಯಲ್ಲಿದ್ದ. ಬಿಚ್ಚಿ ನೋಡಿದರೆ ಒಳಗೆಲ್ಲ ಹೊಲಿಗೆ ಯಂತ್ರದ ಎಣ್ಣೆ. ಮಳೆಗಾಲದಲ್ಲಿ ತುಕ್ಕು ಹಿಡಿಯದಿರಲೆಂದು ಅವನ ಸೋದರಮಾವ ಗಾಳಿ ಹೋಗುವ ರಂಧ್ರಕ್ಕೇ ಸುರಿದಿದ್ದರು. ಗಾಳಿ ಹಿಂಡಿದಾಗ ಏಳುವ ಕಾವಿಗೆ ಆ ಎಣ್ಣೆ ಡೀಸೆಲ್ ಎಂಜಿನ್ನಿನಂತೆ ಹೊತ್ತಿಕೊಂಡು, ಒಂದು ಪೆಲೆಟ್ ಮಿಂಚಿನಂತೆ, ಮತ್ತೊಂದು ಮಂದವಾಗಿ ಹೋಗುತ್ತಿತ್ತು. ಪಿಸ್ಟನ್ನಿನ ಸೀಲ್ ಸುಟ್ಟು ಕರಕಲಾಗಿತ್ತು. ಸೀಲ್ ಬದಲಿಸಿ, ಒಳಗೆ ಒರೆಸಿ ಕೊಟ್ಟೆ. ಅದೇ 4.5ರಲ್ಲಿ ಈಗಲೂ ಹೊಡೆಯುತ್ತಿದ್ದಾನೆ. ತುಕ್ಕಿಗೆ ಹೆದರುವವರು ಹೊರಮೈಗೆ ಬಟ್ಟೆಯಲ್ಲಿ ಎಣ್ಣೆ ಸವರಿದರೆ ಸಾಕು.

ಆ ಭಾನುವಾರ ಹೊರಡುವ ಮುನ್ನ ಹುಡುಗಿಯ ಕೈಯನ್ನು ಸೋಪು ಹಚ್ಚಿ ತೊಳೆಸಿದೆ, ಸೀಸ ಬಾಯಿಗೆ ಹೋಗಬಾರದು. ತಂದೆ 4.52ರ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ತಳದಲ್ಲಿ ಅಚ್ಚಾಗಿದ್ದ ತಯಾರಿಕೆಯ ಬ್ಯಾಚ್ ಸಂಖ್ಯೆಯನ್ನು ತೋರಿಸಿ, ಇದೇ ಬ್ಯಾಚಿನ ಇನ್ನೂ ನಾಲ್ಕು ಡಬ್ಬಿ ಸಿಕ್ಕರೆ ಒಟ್ಟಿಗೆ ತಂದಿಟ್ಟುಕೊಳ್ಳಿ, ಬೇರೆ ಬ್ಯಾಚ್ ಬಂದರೆ ಮತ್ತೆ ಐದೈದು ಹೊಡೆದು ನೋಡಬೇಕಾಗುತ್ತದೆ ಎಂದೆ. ಅವರು ಮೊಬೈಲಿನಲ್ಲಿ ಡಬ್ಬಿಯ ತಳದ ಚಿತ್ರ ತೆಗೆದುಕೊಂಡರು. ಹುಡುಗಿ ಆ ಹರಿದ ತೂತಿನ ಕಾಗದವನ್ನು ಮಡಚದೆ, ಶಾಲೆಯ ನೋಟ್‌ಬುಕ್ಕಿನ ನಡುವೆ ಇಟ್ಟುಕೊಂಡಳು.