ಮೀನಿಗೆ ಬೇಕಿರುವುದು ಮಹಡಿಯಲ್ಲ, ಸೈಟು

"ಸಾರ್, ಎರಡಿಂಚಿನ ಮೀನು. ಅದೇನು ಜಗಳ ಆಡುತ್ತೆ?" ವಾರಕ್ಕೆ ಎರಡು ಸಲವಾದರೂ ಈ ಮಾತು ನನ್ನ ಕಿವಿಗೆ ಬೀಳುತ್ತದೆ. ಹೋಗಿ ನೋಡಿದರೆ ಅವರ ಟ್ಯಾಂಕಿನಲ್ಲಿ ಆಗಲೇ ಒಂದು ಮೀನು ರೆಕ್ಕೆ ಹರಿಸಿಕೊಂಡು, ಹೀಟರಿನ ಹಿಂದೆ ಅಡಗಿರುತ್ತದೆ.

ಸಿಕ್ಲಿಡ್ ಅಂದರೆ ಜಾಗಕ್ಕಾಗಿ ಕಾದಾಡುವ ಮೀನುಗಳ ಒಂದು ಕುಟುಂಬ. ಕುಬ್ಜ ಸಿಕ್ಲಿಡ್ ಕುಬ್ಜವಾಗಿರುವುದು ಮೈಯಲ್ಲಿ ಮಾತ್ರ, ಬುದ್ಧಿಯೆಲ್ಲ ಸಿಕ್ಲಿಡ್ಡಿನದೇ. ರ‍್ಯಾಮ್, ಏಪಿಸ್ಟೊಗ್ರಾಮಾ, ಕ್ರಿಬ್, ಯಾವುದನ್ನೇ ತನ್ನಿ, ಅದು ನೆಲ ಹಿಡಿದು ಬದುಕುವ ಮೀನು. ತಿನ್ನುವುದು, ಮೊಟ್ಟೆ ಇಡುವುದು, ಮರಿ ಕಾಯುವುದು ಎಲ್ಲ ಕೆಳಗೇ. ನಮ್ಮವರು ಹಾಕುವುದು ಲೀಟರ್ ಲೆಕ್ಕ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕಿಗೆ ಸುಮಾರು 56 ಲೀಟರ್ ನೀರು ಹಿಡಿಯುತ್ತದೆ. ಎತ್ತರವನ್ನು ಒಂದೂವರೆ ಅಡಿ ಮಾಡಿಸಿದರೆ 85 ಲೀಟರ್. "ಇನ್ನೊಂದು ಜೋಡಿ ಬಿಡಬಹುದಲ್ಲ?" ಎಂದು ಕೇಳುತ್ತಾರೆ. ನೆಲ ಆಗಲೂ ಎರಡು ಚದರಡಿ, ಈಗಲೂ ಎರಡೇ ಚದರಡಿ! 30-40ರ ಸೈಟಿನಲ್ಲಿ ನಾಲ್ಕು ಮಹಡಿ ಎಬ್ಬಿಸಿ ನಾಲ್ಕು ಸಂಸಾರಕ್ಕೆ ಬಾಡಿಗೆಗೆ ಕೊಡುವ ಬೆಂಗಳೂರಿನವರು ನಾವು, ಅದೇ ಲೆಕ್ಕವನ್ನು ಮೀನಿಗೂ ಹಾಕುತ್ತೇವೆ. ಈ ಮೀನುಗಳು ಮಹಡಿ ಹತ್ತುವುದಿಲ್ಲ. ಹತ್ತಿದರೆ ಕೆಳಗಿನವರು ಓಡಿಸಿದ್ದಾರೆ ಎಂದೇ ಅರ್ಥ.

ಆದ್ದರಿಂದ ನಾನು ಮನೆಗೆ ಹೋದ ಕೂಡಲೇ ಟೇಪು ತೆಗೆದು ತಳ ಅಳೆಯುತ್ತೇನೆ. ಎರಡಡಿ ಟ್ಯಾಂಕಿಗೆ ಒಂದು ಜಾತಿ, ಒಂದು ಜೋಡಿ. ಮೂರಡಿ ಇದ್ದರೆ ನಡುವೆ ದೊಡ್ಡ ಮರದ ಬೇರು, ದಟ್ಟ ಗಿಡ ಇಟ್ಟು, ಈ ತುದಿಯ ಮೀನಿಗೆ ಆ ತುದಿ ಕಾಣದ ಹಾಗೆ ಮಾಡಿ ಎರಡು ಜಾತಿ ಇಡಬಹುದು, ಅದೂ ಗ್ಯಾರಂಟಿ ಇಲ್ಲದೆ. ನಾಲ್ಕಡಿಯಾದರೆ ನನಗೂ ಸ್ವಲ್ಪ ಧೈರ್ಯ.

ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರ ಮನೆಯ ಎರಡಡಿ ಟ್ಯಾಂಕಿನಲ್ಲಿ ಒಂದು ಜೋಡಿ ಕ್ರಿಬ್, ಒಂದು ಜೋಡಿ ರ‍್ಯಾಮ್, ತಳದಲ್ಲೇ ಓಡಾಡುವ ಆರು ಕೋರಿ ಮೀನುಗಳಿದ್ದವು. ಎರಡು ತಿಂಗಳು ಎಲ್ಲ ಶಾಂತ. "ನೀವು ಸುಮ್ಮನೆ ಹೆದರಿಸಿದ್ರಿ ನೋಡಿ" ಅಂತ ನನಗೆ ಕಾಫಿ ಕೊಟ್ಟು ನಕ್ಕಿದ್ದರು. ಒಂದು ಬೆಳಿಗ್ಗೆ ಹೆಣ್ಣು ಕ್ರಿಬ್ಬಿನ ಹೊಟ್ಟೆ ನೇರಳೆಗೆಂಪಾಗಿ ಹೊಳೆಯತೊಡಗಿತು, ತೆಂಗಿನ ಕರಟದೊಳಗೆ ಮೊಟ್ಟೆ ಬಿತ್ತು. ಮೂರೇ ದಿನದಲ್ಲಿ ರ‍್ಯಾಮ್‌ಗಳು ನೀರಿನ ಮೇಲ್ಮೈಗೆ ಬಂದು ನಿಂತವು. ಕೋರಿಯ ಪಾಡು ಅದಕ್ಕಿಂತ ಕಷ್ಟ. ಆ ಸಾಧು ಪ್ರಾಣಿಗೆ 'ಇದು ಬೇರೆಯವರ ಜಾಗ' ಎನ್ನುವುದೇ ತಿಳಿಯದು, ರಾತ್ರಿ ನೆಲ ಮೂಸುತ್ತ ನೇರ ಕರಟದ ಬಾಯಿಗೇ ಹೋಗುತ್ತದೆ. ಎರಡಕ್ಕೆ ಕಣ್ಣು ಹೋಗಿತ್ತು. ಹಿರಿಯರು ಅವತ್ತು ಕಾಫಿ ಕೊಟ್ಟರು, ನಗಲಿಲ್ಲ.

ಮೊಟ್ಟೆ ಬೀಳುವವರೆಗಿನ ಶಾಂತಿಯನ್ನು ನಂಬಬೇಡಿ ಅಂತ ನಾನು ಬಡಕೊಳ್ಳುವುದು ಇದಕ್ಕೇ.

ಜೋಡಿಯ ವಿಷಯವನ್ನೂ ಹೇಳಬೇಕು. ಅಂಗಡಿಯಲ್ಲಿ ಒಂದು ಗಂಡು ಒಂದು ಹೆಣ್ಣು ಹಿಡಿದು ಕವರಿಗೆ ಹಾಕಿದ ಮಾತ್ರಕ್ಕೆ ಜೋಡಿಯಾಗುವುದಿಲ್ಲ. ರ‍್ಯಾಮ್‌ಗೆ ತಾನೇ ಒಪ್ಪಿದ ಸಂಗಾತಿ ಬೇಕು. ಐದಾರು ಮರಿ ಒಟ್ಟಿಗೆ ಬೆಳೆಸಿ, ಕೂಡಿಕೊಂಡ ಎರಡನ್ನು ಇಟ್ಟುಕೊಂಡು ಉಳಿದವನ್ನು ಕೊಟ್ಟುಬಿಡಿ. ಪೆರು ಕಡೆಯ ಕಾಕಟುಆಯ್ಡಿಸ್ ಎಂಬ ಏಪಿಸ್ಟೊಗ್ರಾಮಾಗೆ ಬೇರೆ ಕಾನೂನು: ಒಂದು ಗಂಡು, ಹಲವು ಹೆಣ್ಣು, ಒಬ್ಬೊಬ್ಬಳಿಗೂ ಒಂದೊಂದು ಗುಹೆ. ಮೊಟ್ಟೆ ಕಾಯುವ ಹೆಣ್ಣು ಹಳದಿಗೆ ತಿರುಗಿ, ತನಗಿಂತ ದೊಡ್ಡ ಗಂಡನನ್ನೇ ಅಟ್ಟಿಸಿಕೊಂಡು ಹೋಗುವುದನ್ನು ನೋಡಬೇಕು ನೀವು. ನನಗೆ ಇವುಗಳ ಮೇಲೆ ಪ್ರೀತಿ ಹುಟ್ಟಿದ್ದೇ ಅದನ್ನು ನೋಡಿ. ಚಿಕ್ಕ ಟ್ಯಾಂಕಿನಲ್ಲಿ ಆ ಗಂಡಿಗೆ ಓಡಲು ಜಾಗವಿರುವುದಿಲ್ಲ, ಅಷ್ಟೇ.

ನೀರಿನ ಬಗ್ಗೆ ಒಂದೇ ಮಾತು. ವೆನೆಜುವೆಲಾ, ಕೊಲಂಬಿಯಾಗಳ ಒರಿನೊಕೊ ಬಯಲಿನ ನೀಲಿ ರ‍್ಯಾಮ್‌ಗೆ 28 ಡಿಗ್ರಿ ಬಿಸಿ, ಲವಣ ಕಡಿಮೆಯಿರುವ ಮೆದು ನೀರು ಬೇಕು. ಗಡಸು ಬೋರ್‌ವೆಲ್ ನೀರಿನವರು ಅದರ ಆಸೆ ಬಿಟ್ಟು ಕ್ರಿಬ್ ಅಥವಾ ಕಾಕಟುಆಯ್ಡಿಸ್ ನೋಡುವುದು ಒಳ್ಳೆಯದು. ಬೊಲಿವಿಯನ್ ರ‍್ಯಾಮ್ 25ರಲ್ಲೂ ಹಾಯಾಗಿರುತ್ತದೆ, ಬಣ್ಣ ಕಡಿಮೆ, ಆಯುಸ್ಸು ಗಟ್ಟಿ. ಆಫ್ರಿಕಾದ ಟ್ಯಾಂಗನೈಕಾ ಸರೋವರದ ಚಿಪ್ಪುವಾಸಿಗಳಿಗೆ, ಅಂದರೆ ಬಸವನಹುಳುವಿನ ಖಾಲಿ ಚಿಪ್ಪಿನಲ್ಲಿ ವಾಸಿಸುವ ಪುಟ್ಟ ಸಿಕ್ಲಿಡ್‌ಗಳಿಗೆ, ಗಡಸು ನೀರೇ ಬೇಕು. ಅವನ್ನು ರ‍್ಯಾಮ್ ಜೊತೆ ಹಾಕಿದರೆ ಇಬ್ಬರಲ್ಲಿ ಒಬ್ಬರಿಗೆ ದಿನವೂ ಒಗ್ಗದ ನೀರಿನಲ್ಲಿ ನರಳುವ ಪಾಡು.

"ನಮ್ಮ ಕಡೆಯ ಸಿಕ್ಲಿಡ್ ಇಲ್ವಾ?" ಅಂತ ಕೆಲವರು ಕೇಳುತ್ತಾರೆ. ಇದೆ. ನೇತ್ರಾವತಿ, ಕುಮಾರಧಾರೆಯ ಎಟ್ರೊಪ್ಲಸ್ ಕೆನರೆನ್ಸಿಸ್, ಹೆಸರಲ್ಲೇ ಕೆನರಾ. ಚೆಲುವೆ, ಆದರೆ ನಾಲ್ಕಿಂಚು ಬೆಳೆದು ಗುಂಪಿನಲ್ಲಿ ಬದುಕುವವಳು. ಹೊಳೆಯಿಂದ ಹಿಡಿದು ತಂದದ್ದನ್ನು ದಯವಿಟ್ಟು ಕೊಳ್ಳಬೇಡಿ.

ಓದುವ ಹೊತ್ತಿಗೆ ನಿಮ್ಮ ಎರಡಡಿಯಲ್ಲಿ ಎರಡು ಜಾತಿ ಸೇರಿಯಾಗಿದ್ದರೆ, ಭಾನುವಾರದವರೆಗೆ ಕಾಯಬೇಡಿ. ಮೂಲೆ ಸೇರಿದ್ದನ್ನು ಇವತ್ತೇ ಹೊರತೆಗೆಯಿರಿ. ಬೇರೆ ಟ್ಯಾಂಕ್ ಇಲ್ಲದಿದ್ದರೆ ಸೋಪು ಕಾಣದ ಒಂದು ಪ್ಲಾಸ್ಟಿಕ್ ಟಬ್ಬು, ಅದೇ ಟ್ಯಾಂಕಿನ ನೀರು, ಓಡುತ್ತಿರುವ ಸ್ಪಂಜ್ ಫಿಲ್ಟರ್, ಹೀಟರ್, ಮೇಲೊಂದು ಜಾಲರಿ ಮುಚ್ಚಳ ಇದ್ದರೆ ಕೆಲವು ದಿನಕ್ಕೆ ಸಾಕು.