14 ಪಂದ್ಯ ಸೋತ ಎನ್‌ಸಿ ಸ್ಟೇಟ್ ರಾಷ್ಟ್ರೀಯ ಸೆಮಿಫೈನಲ್‌ವರೆಗೆ ಹೋಗಿದ್ದು ಹೇಗೆ?

ಪ್ರಶ್ನೆ: ನನ್ನ ಮಗ ಅಮೆರಿಕದ ರಾಲಿಯಲ್ಲಿ, ಎನ್‌ಸಿ ಸ್ಟೇಟ್‌ನಲ್ಲಿ (ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯ) ಎಂ.ಎಸ್. ಓದುತ್ತಿದ್ದಾನೆ. ಅವರ ಪುರುಷರ ಬಾಸ್ಕೆಟ್‌ಬಾಲ್ ತಂಡ 2024ರಲ್ಲಿ 31 ಪಂದ್ಯ ಆಡಿ 14 ಸೋತಿತ್ತಂತೆ. ಆದರೂ ದೇಶದ ಕೊನೆಯ ನಾಲ್ಕು ತಂಡಗಳಲ್ಲಿ ಒಂದಾಯಿತಂತೆ. ಇಷ್ಟು ಸೋತವರನ್ನು ಒಳಗೆ ಬಿಟ್ಟಿದ್ದು ಹೇಗೆ? ಇದು ಹಿಂಬಾಗಿಲ ಪ್ರವೇಶ ಅಲ್ವಾ?

ಉತ್ತರ: ಖಂಡಿತ ಅಲ್ಲ. ಎನ್‌ಸಿ ಸ್ಟೇಟ್ ಒಳಗೆ ಬಂದಿದ್ದು ಮುಂಬಾಗಿಲಿನಿಂದಲೇ. ಅದೂ ಬಹಳ ಹಳೆಯ ಬಾಗಿಲು.

ಅಲ್ಲಿನ ಕಾಲೇಜು ಬಾಸ್ಕೆಟ್‌ಬಾಲ್‌ನ ಮೇಲಿನ ಹಂತವಾದ ಡಿವಿಷನ್ ಒನ್‌ನಲ್ಲಿ 360ಕ್ಕೂ ಜಾಸ್ತಿ ತಂಡಗಳಿವೆ. ಎಲ್ಲರೂ ಎಲ್ಲರ ಜತೆ ಆಡುವುದು ಆಗದ ಮಾತು. ಅದಕ್ಕೇ ಕಾನ್ಫರೆನ್ಸ್ ಅನ್ನುವ ಗುಂಪುಗಳು. 2024ರಲ್ಲಿ ಇಂಥ 32 ಗುಂಪುಗಳಿದ್ದವು. ಎನ್‌ಸಿ ಸ್ಟೇಟ್ ಇರುವುದು ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್‌ನಲ್ಲಿ, ಅಂದರೆ ಎಸಿಸಿಯಲ್ಲಿ. ಸೀಸನ್ ನವೆಂಬರ್‌ನಲ್ಲಿ ಹೊರಗಿನ ತಂಡಗಳ ಜತೆ ಶುರುವಾಗುತ್ತದೆ. ಹೊಸ ವರ್ಷದ ಹೊತ್ತಿಗೆ ಪೈಪೋಟಿ ಗುಂಪಿನ ಒಳಗೇ ನಡೆಯುತ್ತದೆ. ಮಾರ್ಚ್‌ನಲ್ಲಿ ಪ್ರತಿ ಕಾನ್ಫರೆನ್ಸ್ ತನ್ನದೇ ಒಂದು ನಾಕೌಟ್ ಟೂರ್ನಿ ನಡೆಸುತ್ತದೆ. ಅದನ್ನು ಗೆದ್ದವರಿಗೆ ರಾಷ್ಟ್ರೀಯ ಟೂರ್ನಿಯಲ್ಲಿ ನೇರ ಜಾಗ. 2024ರಲ್ಲಿ ಆ ಟೂರ್ನಿಯ 68 ಜಾಗಗಳಲ್ಲಿ 32 ಹೀಗೆ ಹೋದವು. ಉಳಿದ 36 ತಂಡಗಳನ್ನು ಒಂದು ಸಮಿತಿ ಕೂತು ಆರಿಸಿತು.

ಐಪಿಎಲ್ ನೋಡಿ ಅಭ್ಯಾಸವಾದವರಿಗೆ ಇದು ವಿಚಿತ್ರ ಅನಿಸಬಹುದು. ಅಲ್ಲಿ ಪಾಯಿಂಟ್ಸ್ ಟೇಬಲ್‌ನ ಮೊದಲ ನಾಲ್ಕರಲ್ಲಿ ಇಲ್ಲ ಅಂದರೆ ಆಟ ಮುಗಿಯಿತು. ಎಸಿಸಿಯಲ್ಲಿ ಆಗ 15 ತಂಡಗಳಿದ್ದವು, ಹದಿನೈದಕ್ಕೂ ಅವಕಾಶ ಇತ್ತು. ಆದರೆ ಮೇಲಿನ ನಾಲ್ಕು ತಂಡಗಳಿಗೆ ಮೂರು ಗೆಲುವು ಸಾಕು. ಕೆಳಗಿನ ಆರು ತಂಡಗಳು ಐದು ದಿನದಲ್ಲಿ ಐದು ಪಂದ್ಯ ಗೆಲ್ಲಬೇಕು. ಸೀಸನ್ ಪೂರ್ತಿ ಸೋತಿದ್ದಕ್ಕೆ ತೆರಬೇಕಾದ ಬೆಲೆ ಅದು. ಎನ್‌ಸಿ ಸ್ಟೇಟ್ ಇದ್ದದ್ದು 10ನೇ ಸ್ಥಾನದಲ್ಲಿ.

ಹಳೆಯ ಬಾಗಿಲು ಅಂದೆನಲ್ಲ, ಅದಕ್ಕೆ 1974ಕ್ಕೆ ಹೋಗಬೇಕು. ಆಗ ಒಂದು ಕಾನ್ಫರೆನ್ಸ್‌ನಿಂದ ಒಂದೇ ತಂಡ ಹೋಗುತ್ತಿತ್ತು. ಎಸಿಸಿಯಲ್ಲಿ ಅದು ಟೂರ್ನಿ ಗೆದ್ದ ತಂಡ. ಆ ವರ್ಷದ ಫೈನಲ್‌ನಲ್ಲಿ ಎನ್‌ಸಿ ಸ್ಟೇಟ್ ಮತ್ತು ಮೇರಿಲ್ಯಾಂಡ್ ಎದುರಾದವು. ಮೇರಿಲ್ಯಾಂಡ್ ಇಡೀ ದೇಶದಲ್ಲಿ 4ನೇ ರ‍್ಯಾಂಕ್‌ನ ತಂಡ. ಓವರ್‌ಟೈಮ್‌ನಲ್ಲಿ 103-100ರಿಂದ ಸೋತಿತು, ಅಲ್ಲಿಗೆ ಅವರ ರಾಷ್ಟ್ರೀಯ ಟೂರ್ನಿಯ ಕನಸು ಮುಗಿಯಿತು. ಎನ್‌ಸಿ ಸ್ಟೇಟ್ ಮುಂದೆ ರಾಷ್ಟ್ರೀಯ ಚಾಂಪಿಯನ್ನೇ ಆಯಿತು. ಅಷ್ಟು ಒಳ್ಳೆಯ ತಂಡ ಹೊರಗುಳಿದದ್ದು ಬಹಳ ಜನರಿಗೆ ಚುಚ್ಚಿತು. 1975ರಲ್ಲಿ ರಾಷ್ಟ್ರೀಯ ಟೂರ್ನಿಯನ್ನು 32 ತಂಡಗಳಿಗೆ ಹಿಗ್ಗಿಸಿ, ಕಾನ್ಫರೆನ್ಸ್ ಚಾಂಪಿಯನ್ ಅಲ್ಲದ ತಂಡಗಳನ್ನೂ ಆರಿಸಲು ಶುರು ಮಾಡಿದರು. ಅಂದರೆ ಕಾನ್ಫರೆನ್ಸ್ ಗೆಲ್ಲದವರನ್ನೂ ಸಮಿತಿ ಆರಿಸುವ ದಾರಿ ಸೇರಿಸಿದ್ದು ಆಮೇಲೆ. ಗೆದ್ದು ಬರುವ ದಾರಿ ಅದಕ್ಕೂ ಮೊದಲೇ ಇತ್ತು.

ಈಗ 2024. ಕೊನೆಯ ನಾಲ್ಕು ಲೀಗ್ ಪಂದ್ಯಗಳನ್ನು ಸಾಲಾಗಿ ಸೋತು 17-14ರ ದಾಖಲೆಯೊಂದಿಗೆ ಈ ತಂಡ ಎಸಿಸಿ ಟೂರ್ನಿ ಆಡಲು ವಾಷಿಂಗ್ಟನ್‌ಗೆ ಬಂತು. ಸಮಿತಿ ಇವರನ್ನು ಆರಿಸುವ ಮಾತೇ ಇರಲಿಲ್ಲ. ಮಾರ್ಚ್ 12, ಮಂಗಳವಾರ ಲೂಯಿವಿಲ್ ಮೇಲೆ ಗೆಲುವು. ಬುಧವಾರ ಸಿರಕ್ಯೂಸ್. ಗುರುವಾರ ಡ್ಯೂಕ್, 74-69.

ಶುಕ್ರವಾರ ವರ್ಜೀನಿಯಾ ಎದುರು ಕತೆ ಮುಗಿದೇ ಹೋಗಿತ್ತು. 58-55ರಿಂದ ಹಿಂದೆ, ಉಳಿದದ್ದು ಐದಾರು ಸೆಕೆಂಡ್. ಫ್ರೀ ಥ್ರೋ, ಅಂದರೆ ಎದುರಾಳಿಯ ಫೌಲ್‌ಗೆ ಸಿಗುವ ತಡೆಯಿಲ್ಲದ ಎಸೆತ ಕೂಡ ವರ್ಜೀನಿಯಾದವರಿಗೇ. ಇಲ್ಲಿ ಒಂದು ನಿಯಮ ಗೊತ್ತಿರಬೇಕು. ಒಂದು ಅರ್ಧದಲ್ಲಿ ತಂಡದ ಫೌಲ್ ಏಳು ಮುಟ್ಟಿದರೆ ಎದುರಾಳಿಗೆ ‘ಒನ್ ಆಂಡ್ ಒನ್’ ಸಿಗುತ್ತದೆ. ಮೊದಲ ಎಸೆತ ಹಾಕಿದರೆ ಮಾತ್ರ ಎರಡನೆಯದು. ತಪ್ಪಿದರೆ ಚೆಂಡು ಆಟದಲ್ಲೇ ಇರುತ್ತದೆ. ವರ್ಜೀನಿಯಾದ ಆಟಗಾರ ಮೊದಲನೆಯದನ್ನೇ ತಪ್ಪಿಸಿದರು. ಚೆಂಡು ಮೈಕಲ್ ಓಕಾನೆಲ್ ಕೈಗೆ ಬಂತು. ಅವರು ಅಂಗಳದುದ್ದ ಓಡಿ ತ್ರೀ ಪಾಯಿಂಟ್ ಗೆರೆಯ ಹೊರಗಿನಿಂದ ಎಸೆದರು. ಚೆಂಡು ಬೋರ್ಡ್‌ಗೆ ಬಡಿದು, ರಿಂಗ್ ಮೇಲೆ ಆಡಿ, ಒಳಗೆ ಬಿತ್ತು. 58-58. ಓವರ್‌ಟೈಮ್‌ನಲ್ಲಿ ಎನ್‌ಸಿ ಸ್ಟೇಟ್ 73-65ರಿಂದ ಗೆದ್ದಿತು. ಶನಿವಾರ, ಲೀಗ್‌ನಲ್ಲಿ ಮೊದಲ ಸ್ಥಾನದಲ್ಲಿದ್ದ ನಾರ್ತ್ ಕ್ಯಾರೊಲಿನಾವನ್ನು 84-76ರಿಂದ ಸೋಲಿಸಿದರು. 1987ರ ನಂತರ ಅವರಿಗೆ ಸಿಕ್ಕ ಮೊದಲ ಎಸಿಸಿ ಪ್ರಶಸ್ತಿ ಅದು.

ಬರೀ ಅದೃಷ್ಟ ಅನ್ನುತ್ತೀರಾ? ಆ ಒಂದು ಎಸೆತ ಅದೃಷ್ಟ, ಒಪ್ಪೋಣ. ಉಳಿದದ್ದಕ್ಕೆ ಕಾರಣಗಳಿದ್ದವು. ತಂಡದ ಮುಖ್ಯ ಆಟಗಾರರು ಬೇರೆ ಬೇರೆ ಕಾಲೇಜುಗಳಿಂದ ಬಂದವರು. ಓಕಾನೆಲ್ ಸ್ಟ್ಯಾನ್‌ಫರ್ಡ್‌ನಿಂದ, ಡಿಜೆ ಹಾರ್ನ್ ಅರಿಜೋನಾ ಸ್ಟೇಟ್‌ನಿಂದ, ಮೊಹಮದ್ ದಿಯಾರಾ ಮಿಸೌರಿಯಿಂದ. ಇಂಥವರ ಆಟ ಹೊಂದಿಕೊಳ್ಳಲು ತಿಂಗಳುಗಳೇ ಬೇಕು. ಹೊಂದಿಕೊಂಡ ಮೇಲೆ ಇವರ ಅನುಭವವೇ ಬಲವಾಯಿತು. ದಿಯಾರಾ ಅಂತೂ ರಂಜಾನ್ ಉಪವಾಸ ಇಟ್ಟುಕೊಂಡೇ ಆಡಿದರು.

ಇನ್ನು ಡಿಜೆ ಬರ್ನ್ಸ್. ಎತ್ತರ 6 ಅಡಿ 9 ಇಂಚು, ತೂಕ ಸುಮಾರು 125 ಕೆಜಿ, ಎಡಗೈ ಆಟಗಾರ. ರಿಂಗ್‌ಗೆ ಬೆನ್ನು ಹಾಕಿ ನಿಂತು, ಹಿಂದಿದ್ದವರನ್ನು ಭುಜದಲ್ಲಿ ಒತ್ತುತ್ತಾ ಒಂದೊಂದೇ ಹೆಜ್ಜೆ ಒಳಗೆ ಹೋಗುತ್ತಿದ್ದರು. ತಡೆಯಲು ಇನ್ನೊಬ್ಬ ಬಂದರೆ, ಅವನು ಕಾಯದೆ ಬಿಟ್ಟು ಬಂದ ಸಹ ಆಟಗಾರನಿಗೆ ಪಾಸ್. ಒಬ್ಬನೇ ತಡೆದರೆ ಮೆಲ್ಲಗೆ ತಿರುಗಿ ತಾವೇ ಹಾಕುತ್ತಿದ್ದರು. ಇಷ್ಟು ನಿಧಾನವಾಗಿ ಆಡಿ ಇಷ್ಟು ಕಷ್ಟ ಕೊಟ್ಟ ಆಟಗಾರರು ಅಪರೂಪ. ಅವರ ಈ ಎರಡು ದಾರಿಯೂ ಗೊತ್ತಿದ್ದೂ ಎದುರಾಳಿಗಳಿಗೆ ಉತ್ತರ ಸಿಗಲಿಲ್ಲ.

ರಾಷ್ಟ್ರೀಯ ಟೂರ್ನಿಯಲ್ಲಿ 11ನೇ ಸೀಡ್ ಆಗಿ ಟೆಕ್ಸಸ್ ಟೆಕ್, ಓಕ್‌ಲ್ಯಾಂಡ್, ಮಾರ್ಕೆಟ್ ತಂಡಗಳನ್ನು ದಾಟಿದರು. ಕ್ವಾರ್ಟರ್‌ಫೈನಲ್‌ನಲ್ಲಿ ಮತ್ತೆ ಡ್ಯೂಕ್. ಬರ್ನ್ಸ್ ಒಬ್ಬರೇ 29 ಪಾಯಿಂಟ್, ಗೆಲುವು 76-64ರಿಂದ. 1983ರ ಮೇಲೆ ಮೊದಲ ಸಲ ಸೆಮಿಫೈನಲ್. ಅಲ್ಲಿ ಪರ್ಡ್ಯೂ 63-50ರಿಂದ ಸೋಲಿಸಿತು. ಕೊನೆಯ ಲೆಕ್ಕ 26 ಗೆಲುವು, 15 ಸೋಲು. ಅದೇ ವರ್ಷ ಅವರ ಮಹಿಳೆಯರ ತಂಡವೂ ಸೆಮಿಫೈನಲ್ ಆಡಿತ್ತು. ಮಗನನ್ನು ಕೇಳಿದರೆ ಅವನೂ ಹೆಮ್ಮೆಯಿಂದ ಹೇಳುತ್ತಾನೆ.

ಇದರಿಂದ ಯಾರಿಗೂ ನಷ್ಟ ಆಗಲಿಲ್ಲವೇ ಅಂದರೆ, ಆಯಿತು. ನಿರೀಕ್ಷೆ ಇಲ್ಲದ ತಂಡ ಗೆದ್ದಾಗ ಸಮಿತಿಯ ಪಟ್ಟಿಯಿಂದ ಇನ್ನೊಂದು ತಂಡ ಜಾರುತ್ತದೆ. ಆ ವರ್ಷ ಇಂಥ ಗೆಲುವುಗಳು ಹಲವು. ಇಂಡಿಯಾನಾ ಸ್ಟೇಟ್ 28 ಪಂದ್ಯ ಗೆದ್ದು, ಆರು ಮಾತ್ರ ಸೋತಿತ್ತು. ತನ್ನ ಕಾನ್ಫರೆನ್ಸ್ ಫೈನಲ್‌ನಲ್ಲಿ ಡ್ರೇಕ್ ಎದುರು ನಾಲ್ಕು ಪಾಯಿಂಟ್‌ನಿಂದ ಸೋತದ್ದಕ್ಕೆ ಹೊರಗೇ ಉಳಿಯಿತು. ಅವರಿಗಾಗಿ ನನಗೆ ಇಂದಿಗೂ ಬೇಸರವಿದೆ. ಆದರೆ ಆ ಅನ್ಯಾಯ ಸರಿಪಡಿಸಬೇಕಾದ್ದು ಸಮಿತಿ ಆರಿಸುವ ಜಾಗಗಳಲ್ಲಿ. ಅಂಗಳದಲ್ಲಿ ಐದು ದಿನ ಐದು ಪಂದ್ಯ ಗೆದ್ದವರ ಜಾಗಕ್ಕೆ ಕೈ ಹಾಕುವುದು ಸರಿಯಲ್ಲ.

ಹಾಗಂತ ಈ ಅವಕಾಶ ಈಗ ಎಲ್ಲರಿಗೂ ಇಲ್ಲ. ಮುಂದಿನ ಸೀಸನ್‌ಗೆ ಎಸಿಸಿ 18 ತಂಡಗಳಾಗಿ ಬೆಳೆಯಿತು, ಟೂರ್ನಿಗೆ ಮೊದಲ 15ಕ್ಕೆ ಮಾತ್ರ ಪ್ರವೇಶ ಅಂತಾಯಿತು. ಬರ್ನ್ಸ್, ಹಾರ್ನ್ ಓದು ಮುಗಿಸಿ ಹೋಗಿದ್ದರು. ಎನ್‌ಸಿ ಸ್ಟೇಟ್ 12 ಗೆದ್ದು 19 ಸೋತಿತು, ಆ ಹದಿನೈದರಲ್ಲೂ ಜಾಗ ಸಿಗಲಿಲ್ಲ. 2025ರ ಮಾರ್ಚ್‌ನಲ್ಲಿ ಕೋಚ್ ಕೆವಿನ್ ಕೀಟ್ಸ್ ಅವರನ್ನು ತೆಗೆದುಹಾಕಿದರು.