ಹಳೇ ಎಂಟಿಬಿ: ಹೊಗಳುವ ಮೊದಲು ಇಸವಿ ಕೇಳಿ

ಬೆಂಗಳೂರಿನ ಸೈಕಲ್ ಗೆಳೆಯರ ನಡುವೆ ಹಳೇ ಮೌಂಟನ್ ಬೈಕಿನ (ಎಂಟಿಬಿ) ಮಾತು ಬಂದರೆ ಸಾಕು, ಎರಡು ಪಂಗಡ. ಆಗಿನ ಸ್ಟೀಲ್ ಫ್ರೇಮಿಗೆ ಸಾಟಿಯೇ ಇಲ್ಲ ಎನ್ನುವವರು ಕೆಲವರು, ಗುಜರಿ ಮಾಲಿಗೆ ಅಷ್ಟು ದುಡ್ಡೇ ಎನ್ನುವವರು ಕೆಲವರು. ಇಬ್ಬರೂ 70ರ ದಶಕದ ಸೈಕಲ್ಲನ್ನು, 90ರ ದಶಕದ್ದನ್ನು ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ. ನನ್ನ ತಕರಾರು ಇರುವುದೇ ಅಲ್ಲಿ.

ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು ಅಜ್ಜನ ಕಾಲದ ಶ್ವಿನ್ ಸೈಕಲ್‌ಗಳನ್ನು ಗುಡ್ಡದಿಂದ ಇಳಿಸುತ್ತಿದ್ದರು. 1976ರಲ್ಲಿ ಶುರುವಾದ ರೀಪ್ಯಾಕ್ ಪಂದ್ಯದಲ್ಲಿ ಒಮ್ಮೆ ಇಳಿದರೆ ಹಿಂದಿನ ಹಬ್ಬಿನ ಬ್ರೇಕ್ ಕಾದು ಗ್ರೀಸ್ ಹೊಗೆಯಾಗುತ್ತಿತ್ತು, ಮತ್ತೆ ತುಂಬಬೇಕಿತ್ತು. 1977ರಲ್ಲಿ ಅದೇ ಗುಂಪಿನ ಜೋ ಬ್ರೀಜ್ ಇದಕ್ಕೆಂದೇ ಫ್ರೇಮ್ ಕಟ್ಟಿದರು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ ಎಂಬ ಮೌಂಟನ್ ಬೈಕ್ ಬಂತು.

ಆ ಕಾಲದ ಸೈಕಲ್‌ಗಳ ಹೆಡ್ ಟ್ಯೂಬ್ (ಹ್ಯಾಂಡಲ್ ಕೆಳಗಿನ ಮುಂದಿನ ಕೊಳವೆ) ಓರೆ, ಹ್ಯಾಂಡಲ್ ಅಗಲ, ವೀಲ್‌ಬೇಸ್ (ಎರಡು ಚಕ್ರಗಳ ನಡುವಿನ ದೂರ) ಉದ್ದ. ಇಳಿಜಾರಿನಲ್ಲಿ ಅಲುಗಾಡದೆ ಓಡುತ್ತಿದ್ದವು. 80ರ ದಶಕದ ಕೊನೆಗೆ ರೇಸುಗಳು ಜೋರಾಗಿ, ಏರು ಹತ್ತುವುದೇ ಮುಖ್ಯವಾಯಿತು. ರೋಡ್ ಸೈಕಲ್ಲಿನ ಅಳತೆಗಳು ಕಾಡಿಗೆ ಬಂದವು: 71 ಡಿಗ್ರಿ ಹೆಡ್ ಆಂಗಲ್ (ಡಿಗ್ರಿ ಹೆಚ್ಚಿದಷ್ಟೂ ಹೆಡ್ ಟ್ಯೂಬ್ ನೆಟ್ಟಗೆ), ಹ್ಯಾಂಡಲನ್ನು ಮುಂದಕ್ಕೆ ಹಿಡಿಯುವ 130 ಮಿ.ಮೀ. ದಾಟಿದ ಸ್ಟೆಮ್, 560 ಮಿ.ಮೀ. ಆಸುಪಾಸಿನ ಹ್ಯಾಂಡಲ್. ಇವತ್ತು ಜನ ಮುಗಿಬೀಳುವುದು ಹೆಚ್ಚಾಗಿ ಈ ಕಾಲದ ಸೈಕಲ್ಲಿಗೇ.

ಇಂಥದ್ದನ್ನು ಬೆಂಗಳೂರಿನ ತುರಹಳ್ಳಿ ಕಾಡಿನ ಬಂಡೆಗಳ ಮೇಲೆ ಓಡಿಸಿದರೆ ಒಳಿತು ಕೆಡುಕು ಎರಡೂ ಕೈಗೆ ತಿಳಿಯುತ್ತವೆ. ಏರಿನಲ್ಲಿ ಮೈಭಾರ ಮುಂದಕ್ಕೆ ಬೀಳುವುದರಿಂದ ಮುಂಚಕ್ರ ನೆಲ ಬಿಡುವುದಿಲ್ಲ, ಗಿಡಗಳ ಸಂದಿಯಲ್ಲಿ ಚಕ್ಕನೆ ತಿರುಗುತ್ತದೆ. ಇಳಿಯುವಾಗ ಅದೇ ಭಾರ ಶತ್ರು. ಮುಂಚಕ್ರ ಸಣ್ಣ ಕೊರಕಲಿಗೆ ಸಿಕ್ಕಿದರೂ ಹ್ಯಾಂಡಲ್ ದಾಟಿ ಬೀಳುವ ಭಯ.

ಹೈಪ್ ಹೊಸದೇನಲ್ಲ. ಮೊಟ್ಟೆಯಾಕಾರದ ಬಯೋಪೇಸ್ ಚೈನ್‌ರಿಂಗ್ (ಪೆಡಲ್ ಜೊತೆ ತಿರುಗುವ ಹಲ್ಲುಚಕ್ರ) ಬಂದಾಗ ಎಲ್ಲರಿಗೂ ಅದೇ ಬೇಕಿತ್ತು, ಆಮೇಲೆ ಯಾರಿಗೂ ಬೇಡವಾಯಿತು. ಹಿಂದಿನ ಯು-ಬ್ರೇಕನ್ನು ಪೆಡಲ್ ಪಕ್ಕ, ಹಿಂಚಕ್ರಕ್ಕೆ ಹೋಗುವ ಚೈನ್‌ಸ್ಟೇ ಕೊಳವೆಯ ಕೆಳಗೆ ಕೂರಿಸಿದರು. ಕೆಸರೆಲ್ಲ ಮೆತ್ತಿಕೊಳ್ಳುವುದೇ ಅಲ್ಲಿ. ಈಗಿನ ಸೈಕಲ್‌ಗಳಲ್ಲಿ ಹೆಡ್ ಆಂಗಲ್ 65 ಡಿಗ್ರಿ ಹತ್ತಿರ ಇಳಿದಿದೆ, ಹ್ಯಾಂಡಲ್ ಮತ್ತೆ ಅಗಲವಾಗಿದೆ. ಮರಿನ್ ಹುಡುಗರು ಹಿಡಿದ ದಾರಿಯೇ ಸರಿಯಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ನಮ್ಮೂರಲ್ಲಿ 90ರ ದಶಕದ ಮಕ್ಕಳ ಕನಸು ಹರ್ಕ್ಯುಲಿಸ್ ಎಂಟಿಬಿ. ದಪ್ಪ ಟೈರು, ನೇರ ಹ್ಯಾಂಡಲ್, ಆದರೆ ಭಾರದ ಸಾದಾ ಸ್ಟೀಲು. ಅದರ ಮೇಲಿನ ಪ್ರೀತಿ ನನಗೂ ಇದೆ. ಅದಕ್ಕೆ ಕ್ರೋಮೋಲಿ (ಹಗುರ, ಗಟ್ಟಿ ಮಿಶ್ರಲೋಹದ ಸ್ಟೀಲು) ಫ್ರೇಮಿನ ರೇಟು ಹೇಳುವುದು ಮಾತ್ರ ಅನ್ಯಾಯ.

ಕೊಳ್ಳುವವರು ಮೊದಲು ಸೀಟ್‌ಪೋಸ್ಟ್, ಅಂದರೆ ಸೀಟು ಹೊತ್ತ ಕೊಳವೆ, ಎಳೆದು ನೋಡಿ. ಅಲ್ಯೂಮಿನಿಯಂ ಪೋಸ್ಟ್ ಸ್ಟೀಲ್ ಫ್ರೇಮಿನೊಳಗೆ ಕಚ್ಚಿಕೊಂಡಿದ್ದರೆ ಬಿಡಿಸುವುದು ಸುಲಭವಲ್ಲ. ಆಮೇಲೆ ಹೆಡ್ ಟ್ಯೂಬಿನ ಹಿಂದೆ, ಅಲ್ಲಿಂದ ಪೆಡಲಿನತ್ತ ಇಳಿಯುವ ಡೌನ್ ಟ್ಯೂಬಿನ ಅಡಿಗೆ ಬೆರಳಾಡಿಸಿ. ಅಲ್ಲಿ ಪೇಂಟ್ ಸುಕ್ಕುಗಟ್ಟಿ ಉಬ್ಬು ಸಿಕ್ಕಿದರೆ ಎಲ್ಲೋ ಜೋರಾಗಿ ಗುದ್ದಿದ ಫ್ರೇಮ್ ಅದು. ಎಷ್ಟೇ ದೊಡ್ಡ ಹೆಸರಿನದಾದರೂ ಬಿಟ್ಟುಬಿಡಿ.